ಉರಿ ತಗ್ಗಿಸು ಎಂದು ಹೇಳುವವರು ಯಾರು: ಮಂಡ್ಯದ ಆಲೆಮನೆಯೊಂದರಲ್ಲಿ ಬೈಪೋಲಾರ್ ಕಾಯಿಲೆಯ ನಿರ್ವಹಣೆ

ಈ ಪ್ರಕರಣದ ಮುಖ್ಯ ವ್ಯಕ್ತಿ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯವರು. ವಯಸ್ಸು 41. ಪಿಯುಸಿವರೆಗೆ ಓದಿದ್ದಾರೆ. ಮೂರು ಎಕರೆ ಕಬ್ಬಿನ ಗದ್ದೆಯನ್ನೂ ತಂದೆಯ ಕಾಲದಿಂದ ಬಂದ ಆಲೆಮನೆಯನ್ನೂ ತಮ್ಮನ ಜೊತೆ ಸೇರಿ ನಡೆಸುತ್ತಿದ್ದಾರೆ. ಮನೆಯಲ್ಲಿ ತಾಯಿ, ಹೆಂಡತಿ, ಒಂಬತ್ತನೇ ತರಗತಿ ಓದುವ ಮಗಳು, ತಮ್ಮ ಮತ್ತು ತಮ್ಮನ ಹೆಂಡತಿ ಇದ್ದಾರೆ. ಮನೆಯವರಲ್ಲದಿದ್ದರೂ ಈ ಕಥೆಯಲ್ಲಿ ಮನೆಯವರಷ್ಟೇ ಇರುವ ಇನ್ನೊಬ್ಬರೆಂದರೆ ಪಕ್ಕದ ಬೀದಿಯ ಬಾಲ್ಯದ ಗೆಳೆಯ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಊರಿನವರು ಕರೆಯುವಂತೆ ಇಲ್ಲಿ ಯಜಮಾನರು ಎಂದೇ ಕರೆಯುತ್ತೇನೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಈ ಕುಟುಂಬದೊಂದಿಗೆ ನನ್ನ ಒಡನಾಟ ಏಳು ವರ್ಷದ್ದು. ಆ ಏಳು ವರ್ಷದ ಆರಂಭದಲ್ಲಿ ನಾನು ಕೊಟ್ಟ ಒಂದು ಸಲಹೆ ತಪ್ಪಾಗಿತ್ತು ಎಂಬುದು ಈ ಬರಹದ ಒಂದು ಭಾಗವೇ ಆಗಿರುವುದರಿಂದ ಅದನ್ನು ಮೊದಲೇ ಹೇಳಿಬಿಡುವುದು ಸರಿ.

ಹಿನ್ನೆಲೆ

ಯಜಮಾನರಿಗೆ ಇರುವುದು ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಖಿನ್ನತೆಗೆ ಇಳಿಯುವ, ಇನ್ನೊಮ್ಮೆ ಉನ್ಮಾದಕ್ಕೆ ಏರುವ ಕಾಯಿಲೆ. ಅದು ಮೊದಲ ಬಾರಿ ಕಾಣಿಸಿಕೊಂಡದ್ದು 23ನೇ ವಯಸ್ಸಿನಲ್ಲಿ, ಖಿನ್ನತೆಯ ರೂಪದಲ್ಲಿ. ಮೂರು ತಿಂಗಳು ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಂದೆ ಅದನ್ನು ಮೈಗಳ್ಳತನವೆಂದರು. ತಾಯಿ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು. ಯಾವ ಔಷಧವೂ ಇಲ್ಲದೆ ನಾಲ್ಕನೇ ತಿಂಗಳಲ್ಲಿ ಅವರು ತಾವಾಗಿಯೇ ಎದ್ದು ಗದ್ದೆಗೆ ಹೋದದ್ದರಿಂದ ಇಬ್ಬರೂ ತಮ್ಮ ತಮ್ಮ ವಿವರಣೆಯೇ ಸರಿಯೆಂದು ನಂಬಿದರು. ಈ ಕಾಯಿಲೆಯಲ್ಲಿ ಮನಸ್ಥಿತಿ ಇಳಿಯುವುದೂ ಏರುವುದೂ ಒಂದು ಅವಧಿಯ ನಂತರ ತಾನಾಗಿ ಸಮಕ್ಕೆ ಬರುವುದುಂಟು. ಹಾಗೆ ಬಂದಾಗ ಕೊನೆಯಲ್ಲಿ ಯಾರು ಏನು ಮಾಡಿದ್ದರೋ ಅವರಿಗೆ ಕೀರ್ತಿ ಸಲ್ಲುತ್ತದೆ.

ಎರಡನೆಯ ಖಿನ್ನತೆ ಬಂದದ್ದು 32ನೇ ವಯಸ್ಸಿನಲ್ಲಿ, ತಂದೆ ತೀರಿಕೊಂಡ ವರ್ಷ. ಈ ಬಾರಿ ಹೆಂಡತಿ ಅವರನ್ನು ಹತ್ತಿರದ ಪಟ್ಟಣದ ಒಬ್ಬ ವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ಖಿನ್ನತೆ ಕಡಿಮೆ ಮಾಡುವ ಮಾತ್ರೆಯನ್ನಷ್ಟೇ ಬರೆದುಕೊಟ್ಟರು. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನ್ನುವಂಥ ಉತ್ಸಾಹದ ದಿನಗಳಿದ್ದವೇ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ ಮನಸ್ಥಿತಿಯನ್ನು ಹದದಲ್ಲಿಡುವ ಔಷಧದ ಜೊತೆಯಿಲ್ಲದೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಉನ್ಮಾದದ ಕಡೆಗೆ ಹೊರಳಿಬಿಡುತ್ತದೆ. ಮೂರನೆಯ ವಾರದಲ್ಲಿ ಯಜಮಾನರು ಬೆಳಗಿನ ನಾಲ್ಕಕ್ಕೇ ಎದ್ದು ಹಾಡಿಕೊಂಡು ಓಡಾಡತೊಡಗಿದಾಗ ಮನೆಯಲ್ಲಿ ಹಬ್ಬದ ವಾತಾವರಣವಿತ್ತು. ತಾಯಿ ಮನೆದೇವರಿಗೆ ಹರಕೆ ತೀರಿಸಿ ಬಂದರು. ಮುಂದಿನ ಇಪ್ಪತ್ತು ದಿನಗಳಲ್ಲಿ ಅವರು ಎರಡನೆಯ ಗಾಣಕ್ಕೆ ಮುಂಗಡ ಕೊಟ್ಟರು, ಊರಿನ ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೆ ತಾವು ಕಟ್ಟಬೇಕಾದ ಹಣದ ಜೊತೆಗೆ ಇನ್ನೂ ಮೂವರ ಹಣವನ್ನು ತಾವೇ ಕಟ್ಟಿದರು, ರಥೋತ್ಸವಕ್ಕೆ ಹೊಸ ರಥವನ್ನೇ ಮಾಡಿಸಿಕೊಡುವುದಾಗಿ ದೇವಸ್ಥಾನದ ಮುಂದೆ ನಿಂತು ಮಾತು ಕೊಟ್ಟರು. ಒಟ್ಟು ಸಾಲ ನಾಲ್ಕು ಲಕ್ಷ ದಾಟಿತು. ನಾಲ್ಕು ರಾತ್ರಿ ಸತತವಾಗಿ ಕಣ್ಣು ಮುಚ್ಚದೆ, ತಡೆಯಲು ಬಂದ ತಮ್ಮನ ಮೇಲೆ ಕೈ ಮಾಡಿದ ಮೇಲೆ ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಹದಿನೆಂಟು ದಿನ ಒಳರೋಗಿಯಾಗಿದ್ದರು. ಬೈಪೋಲಾರ್ ಕಾಯಿಲೆ, ಮೊದಲನೆಯ ವಿಧ (ಪೂರ್ಣ ಉನ್ಮಾದ ಬರುವ ವಿಧ) ಎಂದು ನಿರ್ಧಾರವಾಗಿ, ಮನಸ್ಥಿತಿಯನ್ನು ಹದದಲ್ಲಿಡುವ ಲಿಥಿಯಂ ಮಾತ್ರೆ ಆರಂಭವಾಯಿತು.

ಕಾಯಿಲೆಯ ಬಗ್ಗೆ ಎರಡು ಮಾತು ಇಲ್ಲಿ ಸಾಕು. ಕನಿಷ್ಠ ಒಂದು ವಾರ ದಿನದ ಬಹುಪಾಲು ಹೊತ್ತು ಅತಿಯಾದ ಉಲ್ಲಾಸ ಅಥವಾ ಸಿಡುಕು, ಅದರೊಂದಿಗೆ ಹೆಚ್ಚಿದ ಚಟುವಟಿಕೆ, ನಿದ್ದೆ ಮಾಡದಿದ್ದರೂ ಆಯಾಸವಾಗದಿರುವುದು, ಮಾತಿನ ಭರ, ದುಂದುವೆಚ್ಚ, ತನ್ನ ಶಕ್ತಿಯ ಬಗ್ಗೆ ಮಿತಿಮೀರಿದ ನಂಬಿಕೆ ಇವು ಸೇರಿದರೆ ಅದನ್ನು ಉನ್ಮಾದ ಎನ್ನುತ್ತಾರೆ. ಆಸ್ಪತ್ರೆಗೆ ಸೇರಿಸಬೇಕಾಗುವಷ್ಟು ತೀವ್ರವಾಗಿದ್ದರೆ ಒಂದು ವಾರ ಕಾಯಬೇಕಾಗಿಲ್ಲ. ಇದೇ ಲಕ್ಷಣಗಳು ಬದುಕನ್ನು ಕೆಡಿಸದಷ್ಟು ಸೌಮ್ಯವಾಗಿ ನಾಲ್ಕು ದಿನವಾದರೂ ಇದ್ದರೆ ಅದು ಲಘು ಉನ್ಮಾದ. ನಮ್ಮ ದೇಶದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆ ಇರುವ 100 ಮಂದಿಯಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ನಮ್ಮ ಯಜಮಾನರು ಒಂಬತ್ತು ವರ್ಷ ಆ ಎಪ್ಪತ್ತರಲ್ಲಿ ಒಬ್ಬರಾಗಿದ್ದರು.

ಆಸ್ಪತ್ರೆಯಿಂದ ಬಂದ ಹದಿನೆಂಟು ತಿಂಗಳ ಮೇಲೆ ಅವರು ಮಾತ್ರೆ ನಿಲ್ಲಿಸಿದರು. ಕಾರಣ ಕೇಳಿದರೆ ಕೈ ತೋರಿಸುತ್ತಿದ್ದರು. ಇದನ್ನು ಸ್ವಲ್ಪ ವಿವರಿಸಬೇಕು. ಬೆಲ್ಲ ಮಾಡುವಲ್ಲಿ ಎಲ್ಲ ಕೆಲಸಕ್ಕಿಂತ ದೊಡ್ಡದು ಪಾಕ ನೋಡುವ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಟ್ಟಿಯಾಗಿ ದೊಡ್ಡ ದೊಡ್ಡ ಗುಳ್ಳೆ ಏಳತೊಡಗಿದಾಗ, ಪಾಕ ನೋಡುವವನು ಸೌಟಿನ ತುದಿಯಿಂದ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ನೀರಿನೊಳಗೇ ಎರಡು ಬೆರಳಲ್ಲಿ ಉರುಳಿಸಿ ನೋಡುತ್ತಾನೆ. ಉಂಡೆ ಕಟ್ಟಿದರೆ ಇಳಿಸಬೇಕು. ಒಂದೆರಡು ನಿಮಿಷ ತಡವಾದರೂ ಬೆಲ್ಲ ಕಪ್ಪಾಗುತ್ತದೆ, ಮಂಡ್ಯದ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಸುತ್ತಲಿನ ಹತ್ತು ಆಲೆಮನೆಗಳಲ್ಲಿ ಯಜಮಾನರ ಬೆರಳಿಗೆ ಹೆಸರಿತ್ತು. ಲಿಥಿಯಂ ಶುರುವಾದ ಮೇಲೆ ಆ ಬೆರಳು ಸಣ್ಣಗೆ ನಡುಗುತ್ತಿತ್ತು. ಇದು ಆ ಔಷಧದ ಸಾಮಾನ್ಯ ಅಡ್ಡಪರಿಣಾಮ. ಪ್ರಮಾಣವನ್ನು ಹೊಂದಿಸಿಯೋ ಬೇರೆ ಮಾತ್ರೆ ಸೇರಿಸಿಯೋ ಬಹುಮಟ್ಟಿಗೆ ಕಡಿಮೆ ಮಾಡಬಹುದು. ಆದರೆ ಅವರು ಯಾರಿಗೂ ಹೇಳಲಿಲ್ಲ. ನೀರಿನ ಬಟ್ಟಲಲ್ಲಿ ನಡುಗುವ ಬೆರಳನ್ನು ಆಳುಗಳು ನೋಡಿದರಲ್ಲ ಎಂಬುದು ಅವರಿಗೆ ಕಾಯಿಲೆಗಿಂತ ದೊಡ್ಡ ಅವಮಾನವಾಗಿತ್ತು. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚುತ್ತದೆ. ಅದೇ ವರ್ಷ, ಕಬ್ಬು ಹೆಚ್ಚಾಗಿ ಬಂದು ಗಾಣ ಹಗಲೂ ರಾತ್ರಿ ತಿರುಗುತ್ತಿದ್ದ ತಿಂಗಳಲ್ಲಿ, ಎರಡನೆಯ ಉನ್ಮಾದ ಬಂತು. ನಾನು ಅವರನ್ನು ಮೊದಲು ನೋಡಿದ್ದು ಆಗ.

ಕಣ್ಣಿಟ್ಟಿರಿ ಎಂದದ್ದರ ಫಲ

ಆ ಬಾರಿ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ನಾನು ಮನೆಯವರನ್ನು ಕೂರಿಸಿಕೊಂಡು ಹೇಳಿದ್ದು ಎಲ್ಲರೂ ಹೇಳುವ ಮಾತನ್ನೇ. ಮಾತ್ರೆ ತಪ್ಪದಂತೆ ನೋಡಿಕೊಳ್ಳಿ, ಹಣ ಕೈಗೆ ಕೊಡಬೇಡಿ, ಅವರ ಮೇಲೆ ಒಂದು ಕಣ್ಣಿಟ್ಟಿರಿ. ಮನೆಯವರು ಅದನ್ನು ಅಕ್ಷರಶಃ ಪಾಲಿಸಿದರು.

ಹೆಂಡತಿ ರಾತ್ರಿ ಮಾತ್ರೆಯನ್ನು ಅಂಗೈಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆದು ತೋರಿಸಲು ಹೇಳುತ್ತಿದ್ದರು. ತಮ್ಮ, ಅಣ್ಣನ ಎಟಿಎಂ ಕಾರ್ಡನ್ನೂ ಪಾಸ್‌ಬುಕ್ಕನ್ನೂ ತನ್ನ ಬೀರುವಿಗೆ ಸೇರಿಸಿಕೊಂಡು, ಬೀಡಿಗೂ ಅಣ್ಣ ತನ್ನನ್ನೇ ಕೇಳಬೇಕಾದಂತೆ ಮಾಡಿದರು. ತಾಯಿ ರಾತ್ರಿ ಎರಡು ಬಾರಿ ಎದ್ದು ಮಗ ಮಲಗಿದ್ದಾನೆಯೇ ಎಂದು ಬ್ಯಾಟರಿ ಬಿಟ್ಟು ನೋಡುತ್ತಿದ್ದರು, ಅದರಿಂದಲೇ ಅವರಿಗೆ ಎಚ್ಚರವಾಗುತ್ತಿತ್ತು. ಮೂರನೆಯ ತಿಂಗಳಲ್ಲಿ ಒಂದು ದಿನ ಸಂತೆಯಲ್ಲಿ ಹಳೆಯ ಸಹಪಾಠಿಯೊಬ್ಬರು ಸಿಕ್ಕಿ, ಯಾವುದೋ ಶಾಲೆಯ ದಿನದ ಸಂಗತಿ ನೆನೆದು ಯಜಮಾನರು ಜೋರಾಗಿ ನಕ್ಕರು. ಹೆಂಡತಿ ತಕ್ಷಣ ತಮ್ಮನಿಗೆ ಫೋನು ಮಾಡಿದರು. ತಮ್ಮ ಬೈಕಿನಲ್ಲಿ ಬಂದು ಅಣ್ಣನನ್ನು ಸಂತೆಯ ಮಧ್ಯದಿಂದ ಕರೆದುಕೊಂಡು ಹೋದರು. ಮುಂದಿನ ಭೇಟಿಯಲ್ಲಿ ಯಜಮಾನರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಮ್ಮೋರೇ, ನಾನು ನಗೋಕೂ ಇವರ ಪರ್ಮಿಸನ್ ತಗೋಬೇಕಾ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕೆಲವು ದಿನಗಳ ನಂತರ ಅವರು ಖಿನ್ನತೆಗೆ ಇಳಿದರು. ಸಾಲದ ಬಡ್ಡಿ, ರಥದ ಮಾತು, ತಮ್ಮನ ಮೇಲೆ ಎತ್ತಿದ ಕೈ, ಎಲ್ಲವೂ ಒಟ್ಟಿಗೆ ನೆನಪಾಗುವ ಖಿನ್ನತೆ ಅದು. "ನಾನಿಲ್ದೆ ಹೋದ್ರೆ ನಿಮಗೆಲ್ಲ ಆರಾಮು" ಎಂದು ಒಂದು ರಾತ್ರಿ ಹೇಳಿದಾಗ ಹೆಂಡತಿ ಧೈರ್ಯ ಮಾಡಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬಹಳ ಮಂದಿಗಿದೆ, ಅದು ನಿಜವಲ್ಲ. ಕೇಳಿದ್ದರಿಂದ ಅವರು ಅತ್ತರು, ಹೌದೆಂದರು. ಹೆಂಡತಿ ಆ ರಾತ್ರಿಯೇ ಗೆಳೆಯನನ್ನು ಕರೆಸಿದರು. ಗೆಳೆಯ ಅವರ ಜೊತೆಯಲ್ಲೇ ಮಲಗಿದ, ಬೆಳಗಾಗುವ ಮೊದಲು ಕೊಟ್ಟಿಗೆಯಲ್ಲಿದ್ದ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳನ್ನೆಲ್ಲ ತನ್ನ ಮನೆಗೆ ಸಾಗಿಸಿ ಬೀಗ ಹಾಕಿದ, ಮಧ್ಯಾಹ್ನದ ಹೊತ್ತಿಗೆ ಅವರನ್ನು ವೈದ್ಯರ ಮುಂದೆ ಕೂರಿಸಿದ. ಆ ಡಬ್ಬಗಳು ಇಂದಿಗೂ ಆತನ ಮನೆಯಲ್ಲೇ ಇವೆ. ಬೇಕಾದಾಗ ಅಳೆದು ಕೊಡುತ್ತಾನೆ. ಇಂಥ ರಾತ್ರಿಗಳಲ್ಲಿ ಯಾರನ್ನು ಕರೆಯಬೇಕೆಂದು ತೋಚದವರಿಗೆ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಳೆದ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಆಸ್ಪತ್ರೆಯಿಂದ ಮನೆಗೆ ಮರಳಿದ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ರೋಗಿಗಳನ್ನು ಗಮನಿಸಿ, ಟೀಕೆ, ಹಗೆ ಮತ್ತು ಅತಿಯಾದ ಆತಂಕದ ಮುತುವರ್ಜಿ ಇರುವ ಮನೆಗಳಿಗೆ ಹೋದವರಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುವುದನ್ನು ಕಂಡಿದ್ದರು. ಬೈಪೋಲಾರ್ ಕಾಯಿಲೆಯಲ್ಲೂ ಇದು ನಿಜವೆಂದು ಆಮೇಲೆ ತಿಳಿಯಿತು. ಇದನ್ನು ನಾನು ಓದಿ ಪರೀಕ್ಷೆ ಬರೆದವಳು. ಆದರೂ ಟೀಕೆಯನ್ನು ಮಾತ್ರ ಅಪಾಯವೆಂದು ತಿಳಿದಿದ್ದೆ. ತಾಯಿಯ ಬ್ಯಾಟರಿ ಬೆಳಕೂ ಅದೇ ಪಟ್ಟಿಗೆ ಸೇರುತ್ತದೆಯೆಂದು ಹೊಳೆದಿರಲಿಲ್ಲ. ಮನೆಯವರನ್ನು ದೂರುವ ಅಧಿಕಾರ ನನಗಿರಲಿಲ್ಲ, ಏಕೆಂದರೆ ಕಣ್ಣಿಡಲು ಹೇಳಿದವಳು ನಾನೇ.

ಲೆಕ್ಕದ ಪುಸ್ತಕದ ಕೊನೆಯ ಪುಟಗಳು

ಖಿನ್ನತೆ ಇಳಿದು ಯಜಮಾನರು ಸಮಸ್ಥಿತಿಗೆ ಬಂದ ಎರಡು ತಿಂಗಳ ಮೇಲೆ, ಆಲೆಮನೆಗೆ ರಜೆಯಿದ್ದ ಒಂದು ಅಮಾವಾಸ್ಯೆಯ ದಿನ, ನಾವು ಏಳು ಜನ ಅಲ್ಲಿಯ ಜಗಲಿಯ ಮೇಲೆ ಕೂತೆವು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಸ್ ಈ ಕಾಯಿಲೆಗೆಂದು ರೂಪಿಸಿದ ಕುಟುಂಬ ಚಿಕಿತ್ಸೆಯಲ್ಲಿ ಕಾಯಿಲೆಯ ತಿಳಿವಳಿಕೆ, ಮಾತಿನ ರೀತಿ, ಸಮಸ್ಯೆ ಬಿಡಿಸುವ ಅಭ್ಯಾಸ ಎಂಬ ಮೂರು ಹಂತಗಳಿವೆ. ನಾನು ಅದೇ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಆದರೆ ಜಗಲಿಯ ಮೇಲೆ ಕ್ರಮ ಉಳಿಯಲಿಲ್ಲ. ಮೊದಲ ಒಂದು ಗಂಟೆ ತಮ್ಮನೂ ಅಣ್ಣನೂ ಗಾಣದ ಮುಂಗಡದ ಹಣದ ಬಗ್ಗೆ ಜಗಳವಾಡಿದರು. ಅದು ಮುಗಿಯಲೇಬೇಕಾಗಿದ್ದ ಜಗಳ, ಮುಗಿಯಲು ಬಿಟ್ಟೆ.

ಆಮೇಲೆ ಗೆಳೆಯ ಕಬ್ಬಿನ ಲೆಕ್ಕದ ಪುಸ್ತಕವನ್ನು ತಿರುವಿ ಹಾಕಿ ಕೊನೆಯ ಪುಟದಿಂದ ಬರೆಯಲು ಶುರುಮಾಡಿದ. ಏರುವ ಮುನ್ನ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಪುಸ್ತಕದ ಲಕ್ಷಣಗಳನ್ನು ಯಾರೂ ಹೇಳಲಿಲ್ಲ. ಸತತ ಎರಡು ರಾತ್ರಿ ಐದೈದು ಗಂಟೆಗಿಂತ ಕಡಿಮೆ ನಿದ್ದೆ ಎಂದು ಹೆಂಡತಿ ಬರೆಸಿದರು. ರಾತ್ರಿ ಹನ್ನೊಂದರ ಮೇಲೆ ಹಳೆಯ ಸ್ನೇಹಿತರಿಗೆಲ್ಲ ಫೋನು ಎಂದು ತಮ್ಮ ಬರೆಸಿದರು. ಆಗ ಏಳು ವರ್ಷದವಳಾಗಿದ್ದ ಮಗಳು, ಯಾರೂ ಕೇಳದಿದ್ದರೂ, "ಅಪ್ಪ ಹಲ್ಲುಜ್ಜುವಾಗ ದುರ್ಯೋಧನನ ಡೈಲಾಗ್ ಹೇಳ್ತಾರೆ" ಎಂದಳು. ಎಲ್ಲರೂ ನಕ್ಕರು, ಯಜಮಾನರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದನ್ನೂ ಬರಕೊ" ಎಂದರು. ನನ್ನ ಅನುಭವದಲ್ಲಿ ಆ ಪಟ್ಟಿಯಲ್ಲಿ ಅದಕ್ಕಿಂತ ನಂಬಲರ್ಹವಾದ ಲಕ್ಷಣ ಇನ್ನೊಂದಿಲ್ಲ. ಇಳಿಯುವ ಮುನ್ನದ ಗುರುತುಗಳನ್ನು ಅವರು ತಾವೇ ಹೇಳಿದರು. ಗಡ್ಡ ಬಿಡುವುದು, ಕೊಟ್ಟ ಟೀ ಆರುವವರೆಗೂ ಕುಡಿಯದಿರುವುದು, ಆಲೆಮನೆಯ ಹೊಗೆಯ ವಾಸನೆ ಹೇಸಿಗೆಯಾಗುವುದು.

ಗುರುತು ಕಂಡಾಗ ಅದನ್ನು ಯಾರು ಹೇಳಬೇಕು ಎಂಬುದರ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ಹೆಂಡತಿ ಹೇಳಿದರೆ ಗಂಡಹೆಂಡಿರ ಜಗಳವಾಗುತ್ತದೆ, ತಮ್ಮ ಹೇಳಿದರೆ ಆಸ್ತಿಯ ಜಗಳವಾಗುತ್ತದೆ, ತಾಯಿ ಹೇಳಿದರೆ ಅಳುವಾಗುತ್ತದೆ. ಕೊನೆಗೆ ಯಜಮಾನರೇ ಗೆಳೆಯನನ್ನು ತೋರಿಸಿ, ಇವನೊಬ್ಬ ಹೇಳಲಿ, ಬೇರೆ ಯಾರೂ ನನ್ನ ಮುಖ ನೋಡಿ ಹೇಳಬಾರದು, ಯಾರಿಗೆ ಏನು ಕಂಡರೂ ಇವನಿಗೆ ತಿಳಿಸಲಿ ಎಂದರು. ಗೆಳೆಯ ಏನೆಂದು ಹೇಳಬೇಕು ಎಂಬುದನ್ನೂ ಅಲ್ಲಿಯೇ ತೀರ್ಮಾನಿಸಿದರು. ಕಾಯಿಲೆ, ಮಾತ್ರೆ, ಆಸ್ಪತ್ರೆ ಎಂಬ ಪದ ಬರಬಾರದು. "ಉರಿ ಜಾಸ್ತಿ ಆಯ್ತು ಕನ್ಲಾ, ವಸಿ ಇಳ್ಸು" ಎಂದರೆ ಸಾಕು. ಒಲೆಗೆ ಸಿಪ್ಪೆ ಹಾಕುವವನಿಗೆ ಕೊಪ್ಪರಿಗೆಯ ಬಳಿ ನಿಂತವನು ದಿನಕ್ಕೆ ಹತ್ತು ಬಾರಿ ಹೇಳುವ ಮಾತು ಅದು. ಆ ಮಾತು ಬಂದರೆ ಯಜಮಾನರು ವಾದ ಮಾಡದೆ ಅಂದು ರಾತ್ರಿ ಒಂಬತ್ತಕ್ಕೆ ಮಲಗಬೇಕು, ಮೂರು ದಿನದೊಳಗೆ ವೈದ್ಯರನ್ನು ಕಾಣಬೇಕು. ಅದಕ್ಕೆ ಪ್ರತಿಯಾಗಿ, ಗೆಳೆಯನಿಂದ ಆ ಮಾತು ಬರದಿರುವಷ್ಟು ಕಾಲ ಮನೆಯಲ್ಲಿ ಯಾರೂ ಅವರ ನಗುವನ್ನಾಗಲಿ ಸಿಟ್ಟನ್ನಾಗಲಿ ಕಾಯಿಲೆಯೆಂದು ಕರೆಯುವಂತಿಲ್ಲ. ಮಾತ್ರೆಯನ್ನು ಅವರೇ ವಾರದ ಡಬ್ಬಿಗೆ ತುಂಬಿಟ್ಟು ಅವರೇ ನುಂಗುತ್ತಾರೆ. ಡಬ್ಬಿ ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ.

ಹಣದ ವಿಚಾರದಲ್ಲಿ ತಮ್ಮನ ಬೀರು ಖಾಲಿಯಾಯಿತು. ಎಟಿಎಂ ಕಾರ್ಡು ಅಣ್ಣನಿಗೆ ಮರಳಿತು. ಬೆಲ್ಲದ ಹಣ ಬರುವ ಖಾತೆಯನ್ನು ಗಂಡಹೆಂಡಿರಿಬ್ಬರೂ ಸಹಿ ಹಾಕಿದರೆ ಮಾತ್ರ ತೆಗೆಯಬಹುದಾದ ಜಂಟಿ ಖಾತೆಯಾಗಿ ಬದಲಿಸಿದರು. ಹತ್ತು ಸಾವಿರಕ್ಕೆ ಮೀರಿದ ಯಾವ ಮುಂಗಡವನ್ನೂ ಎರಡು ರಾತ್ರಿ ಕಳೆಯದೆ ಕೊಡುವುದಿಲ್ಲವೆಂದು ಯಜಮಾನರು ತಮ್ಮ ಕೈಯಿಂದಲೇ ಬರೆದರು. ತಮ್ಮ ಒಪ್ಪಿದರಾದರೂ ಮುಖ ಬಾಡಿತ್ತು. ಅದಾದ ಕೆಲವು ವಾರಕ್ಕೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ತಮಗಾಗಿ ನಿರ್ಧಾರಗಳಲ್ಲಿ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯಾಗಿ ಯಜಮಾನರು ಹೆಂಡತಿಯನ್ನು ಹೆಸರಿಸಿದಾಗ ಅದು ಇನ್ನಷ್ಟು ಬಾಡಿತು. ಆ ಕಾಯ್ದೆಯ ಪ್ರಕಾರ ಬಿಳಿಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೂ ಈ ನೇಮಕ ಆಗುತ್ತದೆ, ಬೇಕೆಂದಾಗ ಬದಲಿಸಲೂಬಹುದು. ಕಾನೂನು ಎಷ್ಟು ಸುಲಭವಾಗಿದೆಯೋ ಮನೆಯೊಳಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದ ಅಣ್ಣತಮ್ಮಂದಿರು ಎರಡು ತಿಂಗಳು ಮಾತಾಡಲಿಲ್ಲ.

ರಾತ್ರಿ ಪಾಳಿ ಮತ್ತು ನಾಟಕ

ನಿದ್ದೆಗೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಹೊತ್ತಿಸುವ ಕಿಡಿಯೂ ಹೌದು. ಆಲೆಮನೆಯವರಿಗೆ ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿಲ್ಲ. ಕಡಿದ ಕಬ್ಬನ್ನು ಹೆಚ್ಚು ಹೊತ್ತು ಇಟ್ಟರೆ ರಸದ ಸಿಹಿ ಕೆಡುತ್ತದೆ, ಆದ್ದರಿಂದ ಗಾಡಿ ಬಂದು ನಿಂತರೆ ರಾತ್ರಿಯೆನ್ನದೆ ಅರೆಯಲೇಬೇಕು. ವೈದ್ಯರು ರಾತ್ರಿ ಕೆಲಸ ಬಿಡಿ ಎಂದು ಚೀಟಿಯಲ್ಲಿ ಬರೆಯುವುದಕ್ಕೂ, ಕೊಪ್ಪರಿಗೆಯ ಮುಂದೆ ಅವರ ಜಾಗದಲ್ಲಿ ಇನ್ನೊಬ್ಬ ಬಂದು ನಿಲ್ಲುವುದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ತುಂಬಿದವನು ಗೆಳೆಯ. ಪಾಕ ನೋಡುವುದು ಆತನಿಗೆ ಗೊತ್ತಿರಲಿಲ್ಲ. ಯಜಮಾನರು ಒಂದು ಹಂಗಾಮು ಪೂರ್ತಿ ಹಗಲು ಹೊತ್ತು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಮೊದಲ ತಿಂಗಳು ಎರಡು ಕೊಪ್ಪರಿಗೆ ಬೆಲ್ಲ ಕಪ್ಪಾಗಿ ಹೋಯಿತು. ಆ ನಷ್ಟವನ್ನು ತಮ್ಮ, ಮಾತು ಬಿಟ್ಟಿದ್ದ ತಿಂಗಳಲ್ಲೂ, ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಬೆಳಗಿನ ಆರರಿಂದ ಸಂಜೆಯ ಆರರವರೆಗೆ ಯಜಮಾನರು, ರಾತ್ರಿ ಗೆಳೆಯ ಮತ್ತು ತಮ್ಮ ಸರದಿಯಂತೆ ಇರುತ್ತಾರೆ. ಗೆಳೆಯನಿಗೆ ಕೊಪ್ಪರಿಗೆಯ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಸ್ನೇಹಕ್ಕೆ ಕೂಲಿಯೇ ಎಂದು ಊರಲ್ಲಿ ಕೆಲವರು ಆಡಿಕೊಂಡದ್ದುಂಟು. ಕೂಲಿ ಕೊಟ್ಟದ್ದರಿಂದಲೇ ಆ ಏರ್ಪಾಡು ಆರು ವರ್ಷ ಬಾಳಿದೆ ಎಂದು ನಾನು ನಂಬಿದ್ದೇನೆ.

ನಾಟಕವನ್ನು ಬಿಡಿಸಲು ತಾಯಿ ಪಟ್ಟು ಹಿಡಿದಿದ್ದರು. ಪೌರಾಣಿಕ ನಾಟಕದ ಅಭ್ಯಾಸವೆಂದರೆ ಹಾರ್ಮೋನಿಯಂ ಮೇಷ್ಟ್ರು ಬಂದು ಕೂತ ಮೇಲೆ ರಾತ್ರಿ ಎರಡಾದರೂ ಮುಗಿಯದ ಸಂಭ್ರಮ. ಆಟದ ದಿನವಂತೂ ಬೆಳಗಿನವರೆಗೆ. ಆದರೆ ಎರಡು ತಿಂಗಳು ನಾಟಕದ ಮನೆಯ ಕಡೆ ಹೋಗದಿದ್ದಾಗ ಅವರು ಮಂಕಾದದ್ದನ್ನು ಹೆಂಡತಿಯೇ ಗಮನಿಸಿದರು. ಅವರಿಗೆ ವಾರದಲ್ಲಿ ಎರಡು ದಿನ ಮಾತ್ರ, ರಾತ್ರಿ ಹತ್ತಕ್ಕೆ ಮುಗಿಯುವಂತೆ, ಅವರ ಪದ್ಯಗಳನ್ನು ಮೊದಲೇ ಹೇಳಿಕೊಡಲು ಮೇಷ್ಟ್ರು ಒಪ್ಪಿದರು. ಕಾರಣವನ್ನು ಅವರಿಗೆ ಹೇಳಿದವನು ಗೆಳೆಯ. ಮೇಷ್ಟ್ರು ಹೆಚ್ಚು ಕೇಳಲಿಲ್ಲ, ತಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಎಂದಷ್ಟೇ ಹೇಳಿದರಂತೆ. ವರ್ಷಕ್ಕೆ ಒಂದು ಆಟ. ಹಿಂದಿನ ದಿನವೂ ಮರುದಿನವೂ ಆಲೆಮನೆಯ ಕಡೆ ಹೋಗುವಂತಿಲ್ಲ. ಆ ವಾರದ ಔಷಧದ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ಇದು ಪೂರ್ತಿ ಸುರಕ್ಷಿತ ಏರ್ಪಾಡೆಂದು ನಾನು ಹೇಳಲಾರೆ. ಬಿಟ್ಟಿದ್ದರೆ ಆಗುತ್ತಿದ್ದ ನಷ್ಟವನ್ನು ನೋಡಿದರೆ ಇದೇ ವಾಸಿ.

ಒಂದು ನೋವಿನ ಮಾತ್ರೆ

ಒಪ್ಪಂದವಾದ ಮರುವರ್ಷದ ಏಪ್ರಿಲ್‌ನಲ್ಲಿ ನಡೆದದ್ದನ್ನು ಬೇರೆ ಕುಟುಂಬಗಳ ಉಪಯೋಗಕ್ಕಾಗಿ ವಿವರವಾಗಿ ಹೇಳಬೇಕು. ಯಜಮಾನರಿಗೆ ಸೊಂಟ ಹಿಡಿದು, ಔಷಧದ ಅಂಗಡಿಯೊಂದರಲ್ಲಿ ನೋವಿನ ಮಾತ್ರೆ ಕೇಳಿದರು. ಅಂಗಡಿಯವರು ಬೇರೆ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳದೆ ಐಬುಪ್ರೊಫೆನ್ ಇರುವ ಮಾತ್ರೆಯನ್ನು ಐದು ದಿನಕ್ಕೆ ಕೊಟ್ಟರು. ಬಿಸಿಲ ಝಳ, ಒಲೆಯ ಕಾವು, ಅದರ ಮೇಲೆ ಎರಡು ದಿನ ಭೇದಿ. ಲಿಥಿಯಂ ಒಂದು ಲವಣ, ಮೂತ್ರಪಿಂಡದ ಮೂಲಕವೇ ದೇಹದಿಂದ ಹೊರಹೋಗುತ್ತದೆ. ಬೆವರಿನಲ್ಲೋ ಭೇದಿಯಲ್ಲೋ ನೀರೂ ಉಪ್ಪೂ ಕಳೆದಾಗ ಮೂತ್ರಪಿಂಡಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನೇ ಮಾಡುತ್ತವೆ. ಈ ಔಷಧ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ, 1.5 ದಾಟಿದರೆ ಅಪಾಯ.

ನಾಲ್ಕನೆಯ ದಿನ ಸಂಜೆ ಅವರು ಊರ ಅರಳಿಕಟ್ಟೆಯ ಮುಂದೆ ತೂರಾಡಿಕೊಂಡು ಬರುತ್ತಿದ್ದರು. ಮಾತು ತೊದಲುತ್ತಿತ್ತು, ಕೈ ಎಂದಿನ ಸಣ್ಣ ನಡುಕದಂತಲ್ಲದೆ ದಪ್ಪವಾಗಿ ಅದುರುತ್ತಿತ್ತು. ಕಟ್ಟೆಯ ಮೇಲಿದ್ದವರು ಕುಡಿದಿದ್ದಾನೆ ಎಂದು ತೀರ್ಮಾನಿಸಿದರು, ಒಬ್ಬರು ಮನೆಗೆ ಹೋಗಿ ಮಲಗು ಎಂದು ಬೈದೂ ಕಳಿಸಿದರು. ಅವರು ಹೇಳಿದಂತೆ ಮಲಗಿದ್ದರೆ ಏನಾಗುತ್ತಿತ್ತೋ ಊಹಿಸಲು ನನಗೆ ಇಷ್ಟವಿಲ್ಲ. ಹೆಂಡತಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬಾಯಿಯ ವಾಸನೆ ನೋಡಿದರು, ಮದ್ಯದ ವಾಸನೆಯಿರಲಿಲ್ಲ. ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದ ಚೀಟಿಯಲ್ಲಿ, ಲಿಥಿಯಂ ಮಿತಿಮೀರಿದರೆ ಕಾಣುವ ಗುರುತುಗಳಾಗಿ, ದಪ್ಪ ನಡುಕ, ವಾಂತಿಭೇದಿ, ತೊದಲು, ತೂರಾಟ ಎಂಬ ನಾಲ್ಕು ಪದಗಳಿದ್ದವು. ರಾತ್ರಿಯ ಲಿಥಿಯಂ ಕೊಡದೆ, ತಮ್ಮನ ಜೊತೆ ಕಾರಿನಲ್ಲಿ ಮಂಡ್ಯಕ್ಕೆ ಕರೆತಂದರು. ರಕ್ತದಲ್ಲಿ ಲಿಥಿಯಂ 1.9 ಇತ್ತು. ಔಷಧ ನಿಲ್ಲಿಸಿ ಸಲೈನ್ ಕೊಟ್ಟರು, ನಾಲ್ಕು ದಿನದಲ್ಲಿ ಸರಿಹೋದರು. ಅಣ್ಣತಮ್ಮಂದಿರ ಮೌನ ಮುರಿದು ಎಷ್ಟೋ ದಿನವಾಗಿತ್ತಾದರೂ, ತಮ್ಮ ನಿಜವಾಗಿ ಹಗುರಾದದ್ದು ಆ ನಾಲ್ಕು ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗಿದ ಮೇಲೆ ಎಂದು ಹೆಂಡತಿ ಹೇಳುತ್ತಾರೆ.

ಅಂದಿನಿಂದ ಅವರ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ: ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಬೇಸಿಗೆಯಲ್ಲಿ ಕೊಪ್ಪರಿಗೆಯ ಬಳಿ ಉಪ್ಪು ಹಾಕಿದ ಮಜ್ಜಿಗೆಯ ಚೊಂಬು ಇರುತ್ತದೆ. ಮಗನಿಗೆ ಬಿ.ಪಿ. ಬಂದೀತೆಂದು ಸಾರಿಗೆ ಉಪ್ಪು ಕಡಿಮೆ ಮಾಡುತ್ತಿದ್ದ ತಾಯಿಗೆ, ಇವರ ಊಟದಲ್ಲಿ ಉಪ್ಪು ಏಕಾಏಕಿ ಕಡಿಮೆಯಾಗಬಾರದು ಎಂದು ತಿಳಿಸಿ ಹೇಳಲು ಮೂರು ಭೇಟಿ ಬೇಕಾದವು.

ಈಗಿನ ಸ್ಥಿತಿ

ಒಪ್ಪಂದದ ನಂತರದ ಆರು ವರ್ಷಗಳಲ್ಲಿ ಮನಸ್ಥಿತಿಯ ಕಾರಣಕ್ಕೆ ಅವರು ಆಸ್ಪತ್ರೆ ಸೇರಿಲ್ಲ. ಎರಡು ಬಾರಿ ಲಘು ಉನ್ಮಾದದ ಗುರುತು ಕಂಡಿತು. ಒಮ್ಮೆ ಗೆಳೆಯನ ಮಾತಿಗೆ ಸುಮ್ಮನೆ ಮಲಗಿದರು. ಇನ್ನೊಮ್ಮೆ "ಉರಿಯೂ ಇಲ್ಲ ಗಿರಿಯೂ ಇಲ್ಲ, ಹೋಗಲಾ" ಎಂದು ಗದರಿ, ಮರುದಿನ ತಾವೇ ಗೆಳೆಯನ ಬೈಕು ಹತ್ತಿದರು. ಒಂದು ಖಿನ್ನತೆ ಆರು ವಾರ ಕಾಡಿತು, ಆಗ ಆಲೆಮನೆಯನ್ನು ತಮ್ಮ ಒಬ್ಬರೇ ನೋಡಿಕೊಂಡರು. ಈಗ ಲಿಥಿಯಂ ಮಟ್ಟ 0.7ರ ಆಸುಪಾಸಿನಲ್ಲಿದೆ. ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿ, ಸರಿಯಾಗಿ ಹನ್ನೆರಡು ಗಂಟೆಯ ಮೇಲೆ ಬೆಳಗ್ಗೆ ಒಂಬತ್ತಕ್ಕೆ ರಕ್ತ ಕೊಡುತ್ತಾರೆ. ಆರು ತಿಂಗಳಿಗೊಮ್ಮೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗುತ್ತದೆ. ಮೂರನೆಯ ವರ್ಷ ಥೈರಾಯ್ಡ್ ಕುಗ್ಗಿರುವುದು ಕಂಡು ಅದಕ್ಕೊಂದು ಮಾತ್ರೆ ಸೇರಿತು. ಔಷಧಕ್ಕೆ ಮೈಸೂರಿಗೆ ಹೋಗುವ ಬದಲು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರನ್ನು ಕಾಣುತ್ತಾರೆ. ಸಾಲದಲ್ಲಿ ಇನ್ನೂ ಒಂದು ಲಕ್ಷದಷ್ಟು ಉಳಿದಿದೆ. ರಥದ ಮಾತನ್ನು ಊರಿನವರು ಮರೆತಿಲ್ಲ, ಜಾತ್ರೆ ಬಂದಾಗ ಯಾರಾದರೊಬ್ಬರು ಎತ್ತುತ್ತಾರೆ.

ಲೆಕ್ಕದ ಪುಸ್ತಕದ ಕೊನೆಯ ಪುಟಗಳನ್ನು ಪ್ರತಿ ಯುಗಾದಿಗೆ ಹೊಸ ಪುಸ್ತಕಕ್ಕೆ ನಕಲು ಮಾಡಿ ಎಲ್ಲರೂ ಸಹಿ ಹಾಕುತ್ತಾರೆ. ಈ ವರ್ಷ ಮಗಳು ತಾನೂ ಸಹಿ ಹಾಕುತ್ತೇನೆಂದು ಕೇಳಿದಳು. ಹಲ್ಲುಜ್ಜುವಾಗಿನ ಗುರುತನ್ನು ಹೇಳಿದವಳು ತಾನೇ ಅಲ್ಲವೇ ಎಂಬುದು ಅವಳ ವಾದ. ಹೆಂಡತಿಗೆ ಒಪ್ಪಿಗೆಯಿಲ್ಲ, ಹದಿನಾಲ್ಕರ ಹುಡುಗಿಯ ಹೆಗಲಿಗೆ ಅಪ್ಪನ ಕಾಯಿಲೆ ಬರಬಾರದು, ನಾಳೆ ಸಂಬಂಧ ನೋಡುವಾಗ ಊರು ಇದನ್ನೇ ಆಡುತ್ತದೆ ಎನ್ನುತ್ತಾರೆ. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಂಭವ 100ಕ್ಕೆ ಸುಮಾರು 5ರಿಂದ 10 ಎಂದು ಮಗಳು ಎಲ್ಲಿಯೋ ಓದಿಕೊಂಡು ಬಂದು ನನ್ನನ್ನು ಕೇಳಿದ್ದಳು. ಹೌದು, 90ಕ್ಕಿಂತ ಹೆಚ್ಚು ಮಕ್ಕಳಿಗೆ ಬರುವುದಿಲ್ಲ ಎಂಬುದೂ ಅದೇ ಲೆಕ್ಕ ಎಂದು ಹೇಳಿದ್ದೆ. ಸಹಿಯ ವಿಷಯದಲ್ಲಿ ಯಜಮಾನರು ನನ್ನ ಮುಖ ನೋಡಿದರು. ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಸದ್ಯಕ್ಕೆ ಪುಟದ ಕೆಳಗೆ ಗೆಳೆಯನ ಸಹಿಯ ಪಕ್ಕ ಒಂದು ಹೆಸರಿನಷ್ಟು ಜಾಗ ಬಿಟ್ಟಿದ್ದಾರೆ.